ಒಬ್ಬರಿಗೆ ಹೋಗಬೇಕಾಗಿದ್ದ ಸುದ್ದಿ

ಆ ಆಸ್ಪತ್ರೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ದೊಡ್ಡ ಡಾಕ್ಟರಿಂದ ಹಿಡಿದು ನೆಲ ಒರೆಸುವವರವರೆಗೆ ಎಲ್ಲರಿಗೂ ಅವಳು ಕಂಪ್ಯೂಟರಕ್ಕ. ಪ್ರಿಂಟರ್ ಕಾಗದ ಕಚ್ಚಿಕೊಂಡರೆ ಕಂಪ್ಯೂಟರಕ್ಕ, ಪಾಸ್‌ವರ್ಡ್ ಮರೆತರೆ ಕಂಪ್ಯೂಟರಕ್ಕ. ಒಮ್ಮೆ ಕ್ಯಾಂಟೀನಿನ ಮಿಕ್ಸಿ ಸುಟ್ಟುಹೋದಾಗಲೂ ಅವಳಿಗೇ ಕರೆ ಬಂದಿತ್ತು. ಅವಳೂ ಗೊಣಗುತ್ತಲೇ ಹೋಗಿ ಪ್ಲಗ್ ಕಿತ್ತು ಬಂದಿದ್ದಳು.

ಅವಳ ಕೋಣೆ ನೆಲಮಹಡಿಯಲ್ಲಿ, ಹೊಸ ರೋಗಿಗಳ ಹೆಸರು ಬರೆಸುವ ಕೌಂಟರಿನ ಹಿಂದೆ. ಕಿಟಕಿ ಇಲ್ಲ. ಯಂತ್ರಗಳು ಬಿಸಿಯಾಗಬಾರದೆಂದು ಸದಾ ತಣ್ಣಗೆ ಇಟ್ಟಿರುತ್ತಿದ್ದರಿಂದ ಹೊರಗೆ ಬೆಂಕಿಬಿಸಿಲಿದ್ದರೂ ಒಳಗೆ ಅವಳು ಸ್ವೆಟರ್ ತೊಟ್ಟು ಕೂತಿರುತ್ತಿದ್ದಳು. ಆ ವಾರ ಅವಳ ಅತ್ತೆಯೂ ಅದೇ ಆಸ್ಪತ್ರೆಯ ಮೂರನೇ ಮಹಡಿಯಲ್ಲಿದ್ದರು. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಚೆನ್ನಾಗಿಯೇ ಆಗಿತ್ತು. ಊಟದ ಬಿಡುವಿನಲ್ಲಿ ಸೊಸೆ ಮೇಲೆ ಹೋಗಿ ತಲೆ ಬಾಚಿ, ಜಡೆ ಹಾಕಿ, "ಇಷ್ಟು ಬಿಗಿ ಎಳೀಬೇಡ ಮಾರಾಯ್ತಿ, ಸೊಂಟ ಒಂದೇ ಸಾಲದಾ" ಎಂದು ಬೈಸಿಕೊಂಡು ಕೆಳಗೆ ಬಂದಿದ್ದಳು.

ಬಂದು ಕೂತಳೋ ಇಲ್ಲವೋ, ಶವಾಗಾರದ ಗುಮಾಸ್ತನ ಫೋನು.

"ಅಕ್ಕಾ, ಒಂದು ಮೆಸೇಜ್ ಹೋಗ್ಬೇಕಿತ್ತು. ಬೆಳಿಗ್ಗೆ ಹೆಂಗಸರ ವಾರ್ಡಲ್ಲಿ ಒಬ್ರು ತೀರಿಕೊಂಡ್ರಲ್ಲ, ಅವರ ತಮ್ಮ ಸಿಗ್ತಾನೇ ಇಲ್ಲ. ಸಿಸ್ಟರ್ ಫೋನ್ ಮಾಡಿ ಮಾಡಿ ಸೋತ್ರು. ಸ್ವಿಚಾಫ್ ಅಲ್ಲ, ಸಿಗ್ನಲ್ ಇಲ್ಲ ಅಂತ ಬರುತ್ತೆ."

"ಬೇರೆ ಯಾರ ನಂಬರೂ ಕೊಟ್ಟಿಲ್ವಾ?"

"ಅವನೊಬ್ಬನೇ. ಲಿಫ್ಟ್ ರಿಪೇರಿ ಮಾಡ್ತಾನಂತೆ. ಎಲ್ಲಿ ಯಾವ ಕಟ್ಟಡದ ಹೊಟ್ಟೇಲಿ ನೇತಾಡ್ತಿದಾನೋ."

ಹೀಗೆ ಫೋನಿಗೆ ಸಿಗದವರಿಗೆ ಕಳಿಸಲು ಒಂದು ಸಿದ್ಧ ಸಂದೇಶವಿತ್ತು. ಆಡಳಿತಾಧಿಕಾರಿ ತಾವೇ ಬರೆದದ್ದು. 'ನಿಮ್ಮ ರೋಗಿಯು ಮೃತಪಟ್ಟಿರುವುದನ್ನು ವಿಷಾದದಿಂದ ತಿಳಿಸುತ್ತೇವೆ. ದೇಹವನ್ನು ಪಡೆಯಲು ಗುರುತಿನ ಚೀಟಿಯೊಂದಿಗೆ ಬನ್ನಿ.' ತೀರಾ ಒಣಕಲಾಯಿತು ಎಂದು ಅವಳು ಆಗಲೇ ಹೇಳಿದ್ದಳು. "ಸಾವಿನ ಸುದ್ದಿಗೆ ಒಗ್ಗರಣೆ ಹಾಕ್ಬೇಕಾ?" ಎಂದಿದ್ದರು ಅವರು.

ಅವಳು ಕಪ್ಪು ಪರದೆಯನ್ನು ತೆರೆದಳು. ಚಿತ್ರವಿಲ್ಲ, ಒತ್ತುವ ಗುಂಡಿಗಳಿಲ್ಲ, ಬರೀ ಅಕ್ಷರ. ಅಲ್ಲಿ ಒಂದು ಸಾಲು ಟೈಪ್ ಮಾಡಿದರೆ ಕೆಲಸ ಮುಗಿಯುತ್ತಿತ್ತು. ಆ ಸಾಲಿನಲ್ಲಿ ಮೂರು ಕಮಾಂಡುಗಳು ಒಂದರ ಹಿಂದೆ ಒಂದು ನಿಂತಿದ್ದವು. ಮೊದಲನೆಯದು ತೀರಿಕೊಂಡವರ ನೋಂದಣಿ ಸಂಖ್ಯೆ ನೋಡಿ ಅವರ ಹಾಸಿಗೆ ಯಾವುದೆಂದು ವಾರ್ಡಿನ ಕಂಪ್ಯೂಟರನ್ನು ಕೇಳುತ್ತದೆ. ಎರಡನೆಯದು, ಒಳರೋಗಿಗಳ ಸಂಬಂಧಿಕರ ಪಟ್ಟಿಯಲ್ಲಿ ಆ ಹಾಸಿಗೆಯ ಸಾಲನ್ನು ಹುಡುಕಿ ಹೆಕ್ಕಿ ಕೊಡುತ್ತದೆ. ಮೂರನೆಯದರ ಹೆಸರು ಎಕ್ಸಾರ್ಗ್ಸ್. ಅದಕ್ಕೆ ಕೈಗೆ ಬಂದದ್ದು ಏನು, ಎಷ್ಟು ಎಂಬ ಗೊಡವೆಯಿಲ್ಲ. ಒಂದು ಸಾಲು ಬಂದರೆ ಅದರಲ್ಲಿರುವ ನಂಬರಿಗೆ 'ಈ ಸಂದೇಶ ಕಳಿಸು' ಎಂಬ ಒಂದು ಕಮಾಂಡ್ ಕಟ್ಟಿ ತಾನೇ ನಡೆಸುತ್ತದೆ. ನೂರು ಸಾಲು ಬಂದರೆ ನೂರು ಕಟ್ಟಿ ನಡೆಸುತ್ತದೆ. ಬೇಕೆಂದರೆ ಪ್ರತಿಯೊಂದಕ್ಕೂ ಮುಂಚೆ 'ನಡೆಸಲೇ?' ಎಂದು ಕೇಳುವಂತೆಯೂ ಮಾಡಬಹುದು. ಮೊದಮೊದಲು ಅವಳು ಹಾಗೇ ಇಟ್ಟಿದ್ದಳು. ಆದರೆ ದಿನಾ ಬೆಳಿಗ್ಗೆ ರೋಗಿಗಳನ್ನು ನೋಡಲು ಬರುವ ಹೊತ್ತನ್ನು ಎಲ್ಲ ಸಂಬಂಧಿಕರಿಗೂ ತಿಳಿಸುವಾಗ ಹೌದು, ಹೌದು ಎಂದು ಒತ್ತೊತ್ತಿ ಬೆರಳು ಸೋತು, ಆ ಕೇಳಿಕೆಯನ್ನು ತೆಗೆದುಹಾಕಿದ್ದಳು.

ಅವಳಿಗೆ ಗೊತ್ತಿರದ ಸಂಗತಿ ಒಂದಿತ್ತು. ದೇಹವನ್ನು ಶವಾಗಾರಕ್ಕೆ ಸಾಗಿಸಿದ ಕೂಡಲೇ ವಾರ್ಡಿನ ಸಿಸ್ಟರು ಹೊಸ ರೋಗಿಗೆ ಜಾಗವಾಗಲೆಂದು ಆ ಹಾಸಿಗೆಯನ್ನು ಖಾಲಿ ಎಂದು ಒತ್ತಿದ್ದರು. ಹಾಗಾಗಿ ಮೊದಲ ಕಮಾಂಡ್ ಹಾಸಿಗೆ ಯಾವುದೆಂದು ಕೇಳಿದಾಗ ವಾರ್ಡಿನ ಕಂಪ್ಯೂಟರು ಏನನ್ನೂ ಹೇಳುವಂತಿರಲಿಲ್ಲ. ಎರಡನೆಯದಕ್ಕೆ ಹುಡುಕಲು ಸಿಗುವುದು ಬರೀ ಶೂನ್ಯ. ಏನೂ ಇಲ್ಲದ್ದನ್ನು ಹುಡುಕು ಎಂದರೆ ಆ ಕಮಾಂಡಿಗೆ ಪ್ರತಿ ಸಾಲಿನಲ್ಲೂ ಅದು ಸಿಕ್ಕಿಬಿಡುತ್ತದೆ. ಇಡೀ ಪಟ್ಟಿಯನ್ನೇ ಎತ್ತಿ ಎಕ್ಸಾರ್ಗ್ಸಿನ ಕೈಗೆ ಕೊಡುತ್ತದೆ.

ಅವಳು ಎಂಟರ್ ಒತ್ತಿದಳು.

'ಕಳಿಸಲಾಯಿತು' ಎಂದು ಒಂದು ಸಾಲು ಬಂತು. ಸರಿ ಎಂದುಕೊಂಡು ನೀರಿನ ಬಾಟಲಿಗೆ ಕೈ ಚಾಚಿದಳು. ಅಷ್ಟರಲ್ಲಿ ಮೇಜಿನ ಮೇಲಿದ್ದ ಅವಳ ಫೋನು ಗುಂಯ್‌ಗುಟ್ಟಿತು. ಬಾಟಲಿಯ ಮುಚ್ಚಳ ತಿರುಗಿಸುತ್ತಲೇ ಓದಿದಳು.

'ನಿಮ್ಮ ರೋಗಿಯು ಮೃತಪಟ್ಟಿರುವುದನ್ನು ವಿಷಾದದಿಂದ ತಿಳಿಸುತ್ತೇವೆ.'

"ಅತ್ತೇ!" ಎಂದು ಎದ್ದಳು. ಕುರ್ಚಿ ಹಿಂದಕ್ಕೆ ಉರುಳಿತು, ನೀರು ಸ್ವೆಟರಿನ ಮೇಲೆ ಚೆಲ್ಲಿತು. ಈಗಷ್ಟೇ ಜಡೆ ಹಾಕಿ ಬಂದೆನಲ್ಲ, ಈಗಷ್ಟೇ ಬೈದರಲ್ಲ. ಬಾಗಿಲ ಕಡೆ ಎರಡು ಹೆಜ್ಜೆ ಹಾಕಿದವಳು, ಏನೋ ಓಡುತ್ತಿರುವಂತೆ ಕಣ್ಣಂಚಿಗೆ ಕಂಡು ತಿರುಗಿದಳು. ಪರದೆಯ ಮೇಲೆ ಸಾಲುಗಳು ಒಂದರ ಮೇಲೊಂದು ಹತ್ತುತ್ತಿದ್ದವು. ಕಳಿಸಲಾಯಿತು. ಕಳಿಸಲಾಯಿತು. ಕಳಿಸಲಾಯಿತು.

ಅತ್ತೆ ಸತ್ತಿಲ್ಲ ಎಂದು ಗೊತ್ತಾದ ಕ್ಷಣವೇ ತಾನು ಏನು ಮಾಡಿದ್ದೇನೆಂಬುದೂ ಗೊತ್ತಾಯಿತು. ಕೀಲಿಮಣೆಗೆ ಬಿದ್ದು, ನಿಲ್ಲಿಸುವ ಕೀಲಿಗಳನ್ನು ಒತ್ತಿದಳು, ಮತ್ತೆ ಒತ್ತಿದಳು. ಪರದೆ ನಿಂತಿತು. ನಿಲ್ಲಿಸಿದ್ದಕ್ಕಲ್ಲ, ಪಟ್ಟಿ ಮುಗಿದಿತ್ತು.

ಆಮೇಲೆ ಗೋಡೆಯಾಚೆ, ಕೌಂಟರಿನ ಮುಂದಿನ ಹಜಾರದಲ್ಲಿ, ಯಾರೋ ಹೆಂಗಸು ಕಿಟಾರನೆ ಕಿರುಚಿದಳು. ಅದರ ಹಿಂದೆಯೇ ಇನ್ನೊಂದು ದನಿ. ಗಂಡಸೊಬ್ಬ "ಇಲ್ಲ, ಇಲ್ಲ, ಇಲ್ಲ" ಎನ್ನುತ್ತ ಮೆಟ್ಟಿಲು ಹತ್ತಿ ಓಡಿದ. ಕಾಲುಗಳ ಸದ್ದು ಕೋಣೆಯ ನೆತ್ತಿಯ ಮೇಲೆಯೇ ಧಡಧಡನೆ ಹೋಯಿತು. ಅವಳು ಕೈಯನ್ನು ಬಾಯಿಗೆ ಒತ್ತಿಕೊಂಡು ನಿಂತೇ ಇದ್ದಳು.

ಆಡಳಿತಾಧಿಕಾರಿ ಬಾಗಿಲು ತಳ್ಳಿಕೊಂಡು ಬಂದಾಗ ಅವರ ಮುಖ ಸುಣ್ಣದಂತಾಗಿತ್ತು. ಕೈಯಲ್ಲಿ ಯಾರದೋ ಫೋನು.

"ಏನಮ್ಮಾ ಇದು? ಎಷ್ಟು ಜನಕ್ಕೆ ಹೋಗಿದೆ?"

"ಎಲ್ರಿಗೂ ಸರ್."

"ಎಲ್ರಿಗೂ ಅಂದ್ರೆ?"

"ಒಳಗೆ ಯಾರ್ಯಾರು ಅಡ್ಮಿಟ್ ಆಗಿದಾರೋ ಅವರ ಮನೆಯವರಿಗೆಲ್ಲ."

ಅವರು ಗೋಡೆಗೆ ಆತುಕೊಂಡರು. ಮರುಕ್ಷಣವೇ ಸಾವರಿಸಿಕೊಂಡು, "ಕೂತ್ಕೋ. ಈಗಿಂದೀಗ್ಲೇ ಇನ್ನೊಂದು ಕಳಿಸು. ಹಿಂದಿನ ಸಂದೇಶ ತಪ್ಪಾಗಿ ಬಂದಿದೆ. ನಿಮ್ಮ ರೋಗಿ ಕ್ಷೇಮವಾಗಿದ್ದಾರೆ. ದಯವಿಟ್ಟು ಗಾಬರಿಯಾಗಬೇಡಿ. ಬರಿ, ಬೇಗ ಬರಿ" ಎಂದರು.

ಅವಳು ಟೈಪ್ ಮಾಡತೊಡಗಿದಳು. 'ಕ್ಷೇಮ' ಎಂಬ ಪದವನ್ನೇ ಎರಡು ಸಲ ತಪ್ಪು ಟೈಪ್ ಮಾಡಿ ಅಳಿಸಿದಳು.

"ಯಾರಿಗೆ ಸರ್? ಪಟ್ಟಿಗೇನಾ?"

"ಇನ್ಯಾರಿಗೆ? ಪಟ್ಟಿಗೇ! ಒಬ್ರನ್ನೂ ಬಿಡಬೇಡ. ಅಲ್ಲಿ ಯಾರಿಗಾದ್ರೂ ಎದೆ ನಿಂತ್ರೆ ಏನ್ ಗತಿ?"

ಪಟ್ಟಿಯನ್ನೇ ಕೊಟ್ಟಳು. ಈ ಸಲ ಬೇಕೆಂದೇ ಕೊಟ್ಟಳು. ಪರದೆ ಮತ್ತೆ ಹರಿಯಿತು. ಅವಳ ಫೋನು ಮತ್ತೆ ಗುಂಯ್‌ಗುಟ್ಟಿ, ಅವಳ ರೋಗಿ ಕ್ಷೇಮವಾಗಿದ್ದಾರೆಂದು ತಿಳಿಸಿತು.

ಹಜಾರಕ್ಕೆ ಹೋದರೆ ಅಲ್ಲಿ ನೋಡುವ ಹಾಗಿರಲಿಲ್ಲ. ಒಬ್ಬ ತಾಯಿ ನೆಲದ ಮೇಲೆ ಕೂತು, ಬದುಕಿರುವ ಮಗನ ಹೆಸರು ಹಿಡಿದು ಎದೆ ಬಡಿದುಕೊಳ್ಳುತ್ತಿದ್ದಳು; ನರ್ಸ್ ಒಬ್ಬಳು ಅವಳ ಮುಖಕ್ಕೆ ಎರಡನೇ ಸಂದೇಶ ಹಿಡಿದು "ಓದಮ್ಮ, ಓದು" ಎನ್ನುತ್ತಿದ್ದಳು. ಗೇಟಿನ ಹತ್ತಿರ ಒಬ್ಬ ಮುದುಕರು ಆಟೋ ಇಳಿಯುತ್ತಲೇ ಕುಸಿದಿದ್ದರು. ಅವರನ್ನು ಸ್ಟ್ರೆಚರಿನಲ್ಲಿ ಒಳಗೆ ತರುತ್ತಿದ್ದರು. ಒಂದೇ ಚಪ್ಪಲಿ ತೊಟ್ಟು ಓಡಿಬಂದ ಹುಡುಗಿಯೊಬ್ಬಳು ತನ್ನ ಅಪ್ಪನ ಹಾಸಿಗೆಯ ಹತ್ತಿರದಿಂದ ಇಳಿದು ಬಂದು, ಮೆಟ್ಟಿಲ ಮೇಲೆ ಕೂತು ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯುವಂತಿರಲಿಲ್ಲ. ನಗರದ ಬಸ್ ಓಡಿಸುವವನೊಬ್ಬ ಜನ ತುಂಬಿದ ಬಸ್ಸನ್ನು ಹಾಗೇ ರಸ್ತೆಯಲ್ಲಿ ನಿಲ್ಲಿಸಿ ಬಂದುಬಿಟ್ಟಿದ್ದ. ಹೊರಗೆ ಹಾರನ್ನುಗಳ ಆರ್ಭಟ.

ಇದರ ನಡುವೆ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡ ಒಬ್ಬಾತ ಗಾಲಿಕುರ್ಚಿ ತಳ್ಳಿಕೊಂಡು ಕೌಂಟರಿಗೆ ಬಂದ. ಅವನು ಹೆಸರು ಬರೆಸುವಾಗ ತನ್ನ ನಂಬರನ್ನೇ ಕೊಟ್ಟಿದ್ದ.

"ರೀ, ನಾನು ಸತ್ತಿದೀನಂತೆ. ನನ್ನ ದೇಹ ತಗೊಂಡು ಹೋಗೋಕೆ ನಾನೇ ಬರಬೇಕಾ, ಇಲ್ಲಾ ಯಾರನ್ನಾದ್ರೂ ಕಳಿಸಿದ್ರೆ ನಡೆಯುತ್ತಾ?"

ಸುತ್ತ ನಿಂತವರು ಗೊಳ್ಳೆಂದು ನಕ್ಕರು. ಆ ನಗುವಿನೊಂದಿಗೆ ಹಜಾರದ ಬಿಗಿತ ಸಡಿಲಾಯಿತು. ಬೈಯುವವರು ಬೈಯತೊಡಗಿದರು, ಅಪ್ಪಿಕೊಳ್ಳುವವರು ಅಪ್ಪಿಕೊಂಡರು. ಕಂಪ್ಯೂಟರಕ್ಕ ಕಂಬದ ಮರೆಯಲ್ಲಿ ನಿಂತು, ಬೈಗುಳಗಳನ್ನೆಲ್ಲ ತನಗೇ ಎಂದು ಕೇಳಿಸಿಕೊಂಡಳು. ಅವಳಿಗೂ ಉಸಿರು ಬಂದಂತಾಯಿತು. ಗಂಡ ಫೋನ್ ಮಾಡಿ, ಕೆಲಸದ ಜಾಗದಲ್ಲಿ ಎಲ್ಲರೂ ಈ ಸುದ್ದಿಯನ್ನೇ ಆಡುತ್ತಿದ್ದಾರೆ, ಅಮ್ಮ ಹೇಗಿದ್ದಾರೆ ಎಂದು ಕೇಳಿದ. ಮೇಲೆ ಓಡಿಹೋಗಿ ನೋಡಿದರೆ ಅತ್ತೆ ಪಕ್ಕದ ಹಾಸಿಗೆಯವರಿಗೆ ಕಥೆ ಹೇಳುತ್ತಿದ್ದರು.

"ಏನೇ, ನನ್ನನ್ನ ಸಾಯಿಸಿಬಿಟ್ಯಂತೆ? ಮೊದಲೇ ಹೇಳಿದ್ರೆ ಆ ಸಪ್ಪೆ ಗಂಜಿ ಕುಡೀತಿರ್ಲಿಲ್ಲ" ಎಂದು ನಕ್ಕರು. ಸೊಸೆಯ ಮುಖ ನೋಡಿ ನಗು ನಿಲ್ಲಿಸಿ ಕೈ ಹಿಡಿದುಕೊಂಡರು. "ಹೋಗ್ಲಿ ಬಿಡು. ಯಾರಿಗೂ ಏನೂ ಆಗಿಲ್ವಲ್ಲ."

ಆಗ ಬಾಗಿಲಲ್ಲಿ ಶವಾಗಾರದ ಗುಮಾಸ್ತ ಕಾಣಿಸಿಕೊಂಡ. ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತಿದ್ದ.

"ಅಕ್ಕಾ, ಎರಡನೇ ಮೆಸೇಜು ಅವನಿಗೂ ಹೋಯ್ತಾ?"

"ಯಾರಿಗೆ?"

"ಅದೇ, ಆ ಲಿಫ್ಟಿನವನಿಗೆ. ಬೆಳಿಗ್ಗೆ ತೀರಿಕೊಂಡ್ರಲ್ಲ, ಅವರ ತಮ್ಮನಿಗೆ."

ಅವಳು ಹಾಸಿಗೆಯ ಕಬ್ಬಿಣದ ಸರಳನ್ನು ಹಿಡಿದುಕೊಂಡಳು. ಪಟ್ಟಿಯಲ್ಲಿ ಅವನ ಹೆಸರೂ ಇತ್ತು. ದೇಹ ಆಸ್ಪತ್ರೆ ಬಿಟ್ಟು ಹೋಗುವವರೆಗೂ ಇರುತ್ತದೆ. ಒಬ್ರನ್ನೂ ಬಿಡಬೇಡ ಎಂದಿದ್ದರು, ಅವಳು ಬಿಟ್ಟಿರಲಿಲ್ಲ. ಮೊದಲ ಸಂದೇಶ ಉಳಿದೆಲ್ಲರ ಪಾಲಿಗೆ ಸುಳ್ಳು, ಅವನೊಬ್ಬನ ಪಾಲಿಗೆ ನಿಜ. ಎರಡನೆಯದು ಉಳಿದೆಲ್ಲರ ಪಾಲಿಗೆ ನಿಜ. ಅವನಿಗೆ ಮಾತ್ರ, ಸತ್ತ ಅಕ್ಕ ಕ್ಷೇಮವಾಗಿದ್ದಾಳೆಂದು ಬರೆದು ಕಳಿಸಿದ್ದಳು.

"ಫೋನ್ ಮಾಡು, ಈಗ್ಲೇ ಮಾಡು" ಎಂದಳು.

"ಮಾಡ್ದೆ ಅಕ್ಕಾ. ರಿಂಗಾಗುತ್ತೆ, ಎತ್ತುತ್ತಿಲ್ಲ. ಗಾಡಿ ಮೇಲಿರಬೇಕು. ಬರ್ತಿದಾನೆ ಅನ್ಸುತ್ತೆ."

ಅತ್ತೆ ಏನು, ಏನು ಎಂದು ಕೇಳುತ್ತಿದ್ದಂತೆಯೇ ಅವಳು ಮೆಟ್ಟಿಲಿಳಿದು ಓಡಿದಳು.

ಗೇಟಿನ ಕಾವಲುಗಾರನ ಮೀಸೆ ಆಸ್ಪತ್ರೆಗೆಲ್ಲ ಪ್ರಸಿದ್ಧ. ಅದರಿಂದಲೇ ಅವನಿಗೆ ಮೀಸೆಯಣ್ಣ ಎಂದು ಹೆಸರು. ಒಂದು ಗಂಟೆಯಿಂದ ಅವನು ಬಂದವರಿಗೆಲ್ಲ ಒಂದೇ ಮಾತನ್ನು ಹೇಳಿ ಹೇಳಿ ಗಂಟಲು ಕಟ್ಟಿಸಿಕೊಂಡಿದ್ದ. "ಏನೂ ಆಗಿಲ್ಲ, ಎಲ್ಲಾ ಸುಳ್ಳು ಮೆಸೇಜು, ನಿಮ್ಮವರು ಚೆನ್ನಾಗಿದಾರೆ, ನಿಧಾನಕ್ಕೆ ಹೋಗಿ."

"ಲಿಫ್ಟ್ ಮೆಕ್ಯಾನಿಕ್ ಯಾರಾದ್ರೂ ಬಂದ್ರಾ ಮೀಸೆಯಣ್ಣ?"

"ಮುಖ ನೋಡಿ ಕಸುಬು ಹೇಳೋಕೆ ನಾನೇನು ಜ್ಯೋತಿಷಿನಾ? ಯಾಕಕ್ಕ?"

ಉತ್ತರ ಕೊಡುವ ಮೊದಲೇ ಸ್ಕೂಟರೊಂದು ಬಂದು ನಿಂತಿತು. ಮೊಣಕೈವರೆಗೂ ಗ್ರೀಸು ಮೆತ್ತಿದ, ಎದೆಗೆ ಅಡ್ಡಲಾಗಿ ಉಪಕರಣಗಳ ಚೀಲ ಹಾಕಿಕೊಂಡ ಗಟ್ಟಿಮುಟ್ಟು ಮನುಷ್ಯ. ಹೆಲ್ಮೆಟ್ ತೆಗೆದಾಗ ಅವನ ಮುಖದಲ್ಲಿ ದೊಡ್ಡ ಗಂಡಾಂತರ ಕಳೆದವನ ನಗು.

"ಯಾರ್ರೀ ಅದು ಈ ಕೆಲಸ ಮಾಡಿದ್ದು?" ಎಂದು ಮೀಸೆಯಣ್ಣನನ್ನೇ ಕೇಳಿದ. "ಬೆಳಿಗ್ಗೆಯಿಂದ ಶಾಫ್ಟಿನೊಳಗಿದ್ದೆ, ಅಲ್ಲಿ ಸಿಗ್ನಲ್ ಬರಲ್ಲ. ಹೊರಗೆ ಬಂದಾಗ ಎರಡೂ ಒಟ್ಟಿಗೇ ಬಂತು. ಪುಣ್ಯಕ್ಕೆ ಕ್ಷೇಮ ಅನ್ನೋದೇ ಮೇಲಿತ್ತು. ಅದನ್ನ ಮೊದಲು ಓದಿದೆ, ಬಚಾವಾದೆ. ಉಲ್ಟಾ ಆಗಿದ್ರೆ ನನ್ನನ್ನೂ ಒಳಗೆ ಮಲಗಿಸ್ಬೇಕಿತ್ತು."

"ಎಲ್ಲರದ್ದೂ ಅದೇ ಕಥೆ ಸ್ವಾಮಿ" ಎಂದ ಮೀಸೆಯಣ್ಣ. "ಏನೂ ಆಗಿಲ್ಲ, ಹೋಗಿ ಹೋಗಿ..."

"ಮೀಸೆಯಣ್ಣ, ಸುಮ್ನಿರು" ಎಂದಳು ಅವಳು.

ಆ ದನಿಗೆ ಇಬ್ಬರೂ ತಿರುಗಿದರು. ಅವಳು ಅವನ ಅಕ್ಕನ ಹೆಸರು ಹೇಳಿ, ಅವರ ತಮ್ಮ ನೀವೇನಾ ಎಂದು ಕೇಳಿದಳು.

"ಹೌದು. ಯಾಕೆ, ಬೇಜಾರು ಮಾಡ್ಕೊಂಡ್ಲಾ ನಮ್ಮಕ್ಕ? ಅವಳಿಗೂ ಗೊತ್ತಾಗೋಯ್ತಾ ಈ ಮೆಸೇಜು? ತಡೀರಿ, ನಾನೇ ಹೋಗಿ ಸಮಾಧಾನ ಮಾಡ್ತೀನಿ."

"ಇಲ್ಲಿ ಬನ್ನಿ. ಸ್ವಲ್ಪ ಕೂತ್ಕೊಳ್ಳಿ."

"ಕೂರೋಕೆ ಟೈಮಿಲ್ಲ ಮೇಡಂ, ಅಲ್ಲಿ ಲಿಫ್ಟ್ ಬಿಚ್ಚಿಟ್ಟು ಬಂದಿದೀನಿ."

ಕೂರಿಸದೆ ಹೇಳಬಾರದೆಂದು ಅವಳು ಎಲ್ಲೋ ಕೇಳಿದ್ದಳು. ಆದರೆ ಅವನು ಕೂರಲಿಲ್ಲ, ಅವಳಿಗೆ ತಡೆಯಲಾಗಲಿಲ್ಲ.

"ನಿಮ್ಮ ಅಕ್ಕ ಬೆಳಿಗ್ಗೆ ತೀರಿಕೊಂಡ್ರು. ಮೊದಲನೇ ಮೆಸೇಜು ನಿಮಗೇ ಕಳಿಸಿದ್ದು. ಅದು ತಪ್ಪಿ ಎಲ್ರಿಗೂ ಹೋಯ್ತು. ಎರಡನೇದು... ಎರಡನೇದು ನಿಮಗೆ ಬರಬಾರದಿತ್ತು."

ಅವನು ನಗುತ್ತಲೇ ಇದ್ದ. ನಗು ಮುಖದಿಂದ ಇಳಿಯಲು ಮರೆತಂತಿತ್ತು.

"ಇಲ್ಲ, ಇದೂ ತಪ್ಪೇ ಇರ್ಬೇಕು. ನೋಡಿ ಇಲ್ಲಿ." ಗ್ರೀಸಿನ ಬೆರಳಿಂದ ಫೋನು ತೆರೆದು ಅವಳ ಮುಖದ ಹತ್ತಿರ ಹಿಡಿದ. "ನಿಮ್ಮ ರೋಗಿ ಕ್ಷೇಮವಾಗಿದ್ದಾರೆ. ನಿಮ್ಮ ಆಸ್ಪತ್ರೆಯವರೇ ಬರೆದಿದ್ದಲ್ವಾ? ಗೇಟಲ್ಲಿ ಇವರೂ ಅದೇ ಹೇಳಿದ್ರು. ನೀವು ಯಾರ್ದೋ ವಿಷ್ಯ ನನಗೆ ಹೇಳ್ತಿದೀರಿ. ಸರಿಯಾಗಿ ವಿಚಾರಿಸಿ ಮೇಡಂ, ಹೀಗೆಲ್ಲ ಮಾಡ್ಬೇಡಿ."

"ಅದನ್ನ ಬರೆದಿದ್ದು ನಾನೇ."

ಅವನು ಅವಳನ್ನು ದಾಟಿಕೊಂಡು ಒಳಗೆ ನಡೆದ. ಮೊದಲು ನಡೆದ, ಆಮೇಲೆ ಓಡಿದ. ಹಜಾರದಲ್ಲಿ ಇನ್ನೂ ನಗುತ್ತ, ಫೋನಿನಲ್ಲಿ ಮಾತಾಡುತ್ತ ನಿಂತವರ ನಡುವೆ ಅವನ ಉಪಕರಣಗಳ ಚೀಲ ಝಣಝಣ ಸದ್ದು ಮಾಡುತ್ತ ಹೋಯಿತು. ಅವಳೂ ಹಿಂದೆಯೇ ಓಡಿದಳು. ಹೆಂಗಸರ ವಾರ್ಡಿನಲ್ಲಿ ಕಿಟಕಿಯ ಪಕ್ಕದ ಹಾಸಿಗೆಯ ಮುಂದೆ ಅವನು ನಿಂತ. ಹೊಸ ಬಿಳಿ ಹೊದಿಕೆ, ಮಡಿಕೆ ಮುರಿಯದ ದಿಂಬು. ಅದರ ಮೇಲೆ ಯಾರೂ ಇರಲಿಲ್ಲ.

"ಬೇರೆ ವಾರ್ಡಿಗೆ ಹಾಕಿರ್ತಾರೆ" ಎಂದ. ಉಳಿದ ಹಾಸಿಗೆಗಳ ಕಡೆ ಕಣ್ಣಾಡಿಸಿದ. "ಬೇರೆ ವಾರ್ಡಿಗೆ ಹಾಕಿದ್ರೆ ಹೇಳಿ. ನಾನು ಅಲ್ಲಿಗೇ ಹೋಗ್ತೀನಿ."

ಹಿರಿಯ ಸಿಸ್ಟರ್ ಬಂದು ಅವನ ತೋಳು ಹಿಡಿದರು. ಅವನು ಅವರ ಮುಖ ನೋಡಿದ. ಬೆಳಿಗ್ಗೆಯಿಂದ ತನಗೆ ಫೋನ್ ಮಾಡುತ್ತಿದ್ದವರು ಇವರೇ ಎಂದು ಅವನಿಗೆ ಹೇಗೆ ತಿಳಿಯಿತೋ, ಅವರನ್ನೇ ಕೇಳಿದ.

"ನನ್ನನ್ನ ಕೇಳಿದ್ಲಾ?"

"ಕೇಳಲಿಲ್ಲಪ್ಪ. ಕರೆಸ್ಲಾ ಅಂದೆ, ಬೇಡ ಅಂದ್ರು. ಅವನು ಕತ್ತಲಲ್ಲಿ ಮೇಲೆ ಹತ್ತಿರ್ತಾನೆ, ಫೋನ್ ಬಂದ್ರೆ ಗಾಬರಿಯಾಗಿ ಕೈ ಬಿಡ್ತಾನೆ, ಸಾಯಂಕಾಲ ಹೇಗಿದ್ರೂ ಬರ್ತಾನಲ್ಲ ಅಂದ್ರು. ಆಮೇಲೆ ಜಾಸ್ತಿ ಹೊತ್ತು ಇರಲಿಲ್ಲ."

ಆಗ ಅವನು ಆ ಹಾಸಿಗೆಯ ಅಂಚಿನಲ್ಲಿ ಕೂತ. ಎರಡೂ ಕೈಗಳ ಗ್ರೀಸು ಬಿಳಿ ಹೊದಿಕೆಗೆ ಅಂಟಿತು. ಅದನ್ನು ನೋಡಿ ಕೈ ಎತ್ತಿಕೊಂಡ, ಎಲ್ಲಿಡಬೇಕೋ ತಿಳಿಯದೆ ಗಾಳಿಯಲ್ಲೇ ಹಿಡಿದುಕೊಂಡ. ತಾಯಿಯ ಮುಖ ನೆನಪಿಲ್ಲದ ಅವನನ್ನು ಸಾಕಿದವಳು ಆ ಅಕ್ಕ. ಅಂಗಿ ಗುಂಡಿ ಹೊಲಿದವಳು, ಶಾಲೆಗೆ ದಬ್ಬಿದವಳು, ಕಸುಬಿಗೆ ಹಚ್ಚಿದವಳು. ಇದೆಲ್ಲ ಕಂಪ್ಯೂಟರಕ್ಕನಿಗೆ ಆಮೇಲೆ ತಿಳಿಯಿತು. ಆ ಹೊತ್ತಿಗೆ ಅವಳಿಗೆ ಕಂಡದ್ದು ಗಾಳಿಯಲ್ಲಿ ನಿಂತ ಎರಡು ಕರಿ ಕೈಗಳು ಮಾತ್ರ.

ಶವಾಗಾರದ ಹೊರಗೆ ಉದ್ದನೆಯ ಓಣಿ, ಗೋಡೆಗೆ ತಾಗಿ ಒಂದು ಬೆಂಚು. ಅಕ್ಕನ ಮುಖ ನೋಡಿ ಹೊರಬಂದ ಅವನು ಅಲ್ಲಿ ಕೂತ. ಅವಳು ಎದುರಿನ ಗೋಡೆಗೆ ಒರಗಿ ನಿಂತಿದ್ದಳು. ಹೋಗೆಂದರೆ ಹೋಗುತ್ತಿದ್ದಳು, ಅವನು ಹೋಗೆನ್ನಲಿಲ್ಲ. ಆಮೇಲೆ ತಲೆ ಎತ್ತಿದ.

"ಸ್ಕೂಟರಲ್ಲಿ ಬರ್ತಾ ಹಾಡು ಹೇಳ್ಕೊಂಡು ಬಂದೆ" ಎಂದ. "ಗೊತ್ತಾ ನಿಮಗೆ? ಅವಳು ಇಲ್ಲಿ ತಣ್ಣಗೆ ಮಲಗಿದಾಳೆ, ನಾನು ಹಾಡು ಹೇಳ್ಕೊಂಡು ಬಂದೆ."

ಅವಳು ಕ್ಷಮಿಸಿ ಎನ್ನಬೇಕಿತ್ತು. ಅಷ್ಟು ಚಿಕ್ಕ ಮಾತನ್ನು ಅವನ ಮುಂದೆ ಹೇಗೆ ಇಡುವುದು?

ಅವನು ಫೋನನ್ನು ಅವಳ ಕಡೆ ಚಾಚಿದ.

"ಊರಿಗೆಲ್ಲ ಹೇಳಿದ್ರಲ್ಲ. ನನ್ನ ಕಡೆಯವರಿಗೂ ನೀವೇ ಹೇಳಿ. ನನ್ನ ಬಾಯಲ್ಲಿ ಬರಲ್ಲ."

ಅದು ಶಿಕ್ಷೆಯೋ, ಸಹಾಯ ಕೇಳಿದ್ದೋ ಅವಳಿಗೆ ತಿಳಿಯಲಿಲ್ಲ. ಫೋನು ತೆಗೆದುಕೊಂಡು ಅವನ ಪಕ್ಕದಲ್ಲಿ ಕೂತಳು. ಅವನು ಹೇಳಿದ, ಅವಳು ಒತ್ತಿದಳು. ಮೊದಲು ಚಿಕ್ಕಪ್ಪ. ಆಮೇಲೆ ಅಕ್ಕ ಕೆಲಸ ಮಾಡುತ್ತಿದ್ದ ಹೊಲಿಗೆ ಅಂಗಡಿಯ ಒಡತಿ. ಆಮೇಲೆ ಅಕ್ಕನ ಗೆಳತಿ. ಪ್ರತಿ ಸಲವೂ ಆ ಕಡೆಯಿಂದ "ಏನೋ ತಮ್ಮಾ, ಹೇಗಿದಾಳೆ?" ಎಂಬ ದನಿ ಬರುತ್ತಿತ್ತು. ಪ್ರತಿ ಸಲವೂ ಅವಳು ನಾನು ಆಸ್ಪತ್ರೆಯವಳು ಎಂದು ಶುರುಮಾಡಿ, ಆ ಕಡೆಯ ಉಸಿರು ನಿಂತದ್ದನ್ನು ಕಿವಿಯಾರೆ ಕೇಳಿ, ಆಮೇಲೆ ಉಳಿದದ್ದನ್ನು ಹೇಳಬೇಕಾಗುತ್ತಿತ್ತು. ಗೆಳತಿ ಫೋನನ್ನು ಕೆಳಗೆ ಬೀಳಿಸಿದಳು. ಅವಳ ಮನೆಯ ಕುಕ್ಕರ್ ಕೂಗುವುದು ಮಾತ್ರ ಕೇಳಿಸುತ್ತಿತ್ತು. ಕರೆಯನ್ನು ಮುಗಿಸಬೇಕೋ ಬೇಡವೋ ತೋಚದೆ ಅವಳು ಆ ಶಬ್ದವನ್ನೇ ಕೇಳುತ್ತ ಕೂತಳು.

ಕೊನೆಗೆ ಸೋದರತ್ತೆ. "ಅವಳಿಗೆ ಕಿವಿ ಮಂದ" ಎಂದ ಅವನು. "ಜೋರಾಗಿ ಹೇಳಿ."

"ಅಮ್ಮಾ, ನಾನು ಆಸ್ಪತ್ರೆಯಿಂದ."

"ಹಾಂ? ಯಾರು?"

"ಆಸ್ಪತ್ರೆಯಿಂದ! ನಿಮ್ಮ ಸೋದರಸೊಸೆ..."

"ಹುಷಾರಾದ್ಲಾ? ಕೇಳಿಸ್ತಿಲ್ಲ, ಗಟ್ಟಿಯಾಗಿ ಹೇಳು!"

ಅವಳು ಎದ್ದು ನಿಂತು, ಕಣ್ಣು ಮುಚ್ಚಿ, ಇದ್ದ ಶಕ್ತಿಯನ್ನೆಲ್ಲ ಹಾಕಿ ಕೂಗಿದಳು: "ತೀರಿಕೊಂಡ್ರು!"

ಓಣಿಯುದ್ದಕ್ಕೂ ಆ ಮಾತು ಬಡಿದುಕೊಂಡು ಹೋಯಿತು. ತುದಿಯಲ್ಲಿ ಟೀ ಕುಡಿಯುತ್ತ ನಿಂತವರು, ಗಾಲಿಕುರ್ಚಿ ತಳ್ಳುತ್ತಿದ್ದವರು, ಮೆಟ್ಟಿಲಿಳಿಯುತ್ತಿದ್ದವರು ಎಲ್ಲರೂ ನಿಂತಲ್ಲೇ ನಿಂತರು. ಒಬ್ಬೊಬ್ಬರ ಕೈಯೂ ತಮ್ಮ ತಮ್ಮ ಜೇಬಿಗೆ, ಚೀಲಕ್ಕೆ, ಫೋನಿನ ಕಡೆಗೆ ಹೋಯಿತು. ಯಾವ ಫೋನೂ ಸದ್ದು ಮಾಡಲಿಲ್ಲ. ಬೆಂಚಿನ ಮೇಲಿದ್ದ ಅವನು ಆಗ ಮೊದಲ ಸಲ ಬಾಯಿಬಿಟ್ಟು ಅತ್ತ.

ಮುಂದೆ ವಿಚಾರಣೆ ನಡೆಯಿತು. ಕುಸಿದು ಬಿದ್ದಿದ್ದ ಮುದುಕರು ಕೆಲವು ದಿನ ಇದ್ದು ಚೇತರಿಸಿಕೊಂಡು ಮನೆಗೆ ಹೋದರು. ಬೇರೆಯವರ ಸಿಟ್ಟೆಲ್ಲ ನಾಲ್ಕು ದಿನದಲ್ಲಿ ತಣ್ಣಗಾಗಿ, ಹೇಳಿಕೊಂಡು ನಗುವ ಕಥೆಯಾಯಿತು. ಲಿಫ್ಟ್ ಮೆಕ್ಯಾನಿಕ್ ಮಾತ್ರ ದೂರು ಕೊಟ್ಟ. ಕೊಡಬೇಕಾದದ್ದೇ ಎಂದಳು ಅವಳು. ಏನೇನಾಯಿತೆಂದು ಒಂದಕ್ಷರ ಮುಚ್ಚದೆ ಹೇಳಿದಳು. ಎರಡನೇ ಸಂದೇಶ ತಮ್ಮ ಮಾತಿನಂತೆ ಹೋದದ್ದೆಂದು ಆಡಳಿತಾಧಿಕಾರಿ ತಾವಾಗಿಯೇ ಎದ್ದು ನಿಂತು ಒಪ್ಪಿಕೊಂಡಾಗ ಸಭೆಯಲ್ಲಿದ್ದವರಿಗೆ ಆಶ್ಚರ್ಯವಾಯಿತು. ನಿಮಗೆ ಏನು ಬೇಕು ಎಂದು ಅವನನ್ನು ಕೇಳಿದರು. "ಇನ್ಮೇಲೆ ಯಾರಿಗಾದ್ರೂ ಇಂಥದ್ದು ಹೇಳೋದಿದ್ರೆ ಮನುಷ್ಯರು ಹೇಳಲಿ" ಎಂದು, ಚೀಲ ಹೆಗಲಿಗೆ ಹಾಕಿಕೊಂಡು ಹೊರಟುಹೋದ.

ಆ ಸಿದ್ಧ ಸಂದೇಶವನ್ನು ತೆಗೆದುಹಾಕಿದರು. ಫೋನಿಗೆ ಸಿಗದವರ ಮನೆಗೆ ಆಸ್ಪತ್ರೆಯಿಂದಲೇ ಒಬ್ಬರು ಹೋಗಬೇಕೆಂದಾಯಿತು. ಯಾರು ಹೋಗುತ್ತೀರಿ ಎಂದಾಗ ಕಂಪ್ಯೂಟರಕ್ಕ ಕೈ ಎತ್ತಿದಳು. ಅತ್ತೆಗೆ ಇದು ಸರಿಬರಲಿಲ್ಲ. ಕೋಲೂರಿಕೊಂಡು ಮನೆಯೊಳಗೆ ಓಡಾಡುವಷ್ಟಾಗಿದ್ದ ಅವರು, "ಬೇಡದ ಉಸಾಬರಿ, ನಿನಗ್ಯಾಕೆ?" ಎಂದು ಬೈದರು. ಆದರೂ ಮೊದಲ ಸಲ ಕರೆ ಬಂದ ದಿನ, "ಅಲ್ಲಿ ಹೋಗಿ ನೀನೇ ಅಳ್ತಾ ಕೂರಬೇಡ. ಅವರಿಗೆ ನೀರು ಕುಡಿಸು" ಎಂದು ಹೇಳಿ ಕಳಿಸಿದರು.

ಅದು ಒಂದು ಕಿರಿದಾದ ಬೀದಿ, ಸೈಕಲ್ ರಿಪೇರಿ ಅಂಗಡಿಯ ಮೇಲಿನ ಮನೆ. ಮೆಟ್ಟಿಲಿಗೆಲ್ಲ ಹೊಸ ಬಣ್ಣದ ವಾಸನೆ. ಒಳಗೆ ರೇಡಿಯೋ ಹಾಡುತ್ತಿತ್ತು. ಬಾಗಿಲು ಬಡಿದಾಗ ಕೆನ್ನೆಗೂ ಬಣ್ಣ ಮೆತ್ತಿಕೊಂಡ, ಅವಳದೇ ವಯಸ್ಸಿನ ಹೆಂಗಸೊಬ್ಬಳು ಕುಂಚ ಹಿಡಿದೇ ತೆರೆದಳು.

"ಬಾಗಿಲು ಮುಟ್ಬೇಡಿ, ಹಸಿ ಇದೆ" ಎಂದು ನಕ್ಕಳು. "ನಮ್ಮ ಯಜಮಾನರು ಆಸ್ಪತ್ರೆಯಿಂದ ಬರೋಷ್ಟರಲ್ಲಿ ಮುಗಿಸಿಬಿಡೋಣ ಅಂತ. ಯಾರು ಬೇಕಿತ್ತು?"

"ನೀವೇ" ಎಂದಳು ಕಂಪ್ಯೂಟರಕ್ಕ. "ನಾನು ಅಲ್ಲಿಂದಲೇ ಬಂದಿದೀನಿ. ಒಳಗೆ ಬರಲಾ?"

ಆ ಹೆಂಗಸು ಅವಳ ಮುಖವನ್ನೇ ನೋಡಿದಳು. ಆಮೇಲೆ ಒಳಗೆ ಹೋಗಿ, ಮೊದಲು ರೇಡಿಯೋ ನಿಲ್ಲಿಸಿದಳು.